ಸರಿಯಾಗಿ ಹೇಳು, ಆಮೇಲೆ ಕೊಡ್ತೇನೆ

ಎರಡು ವರ್ಷ ತುಂಬುವಾಗ ನನ್ನ ಮಗಳ ಬಾಯಲ್ಲಿ ಎಲ್ಲರೂ ‘ಬಂತು’, ಎಲ್ಲರೂ ‘ಹೋಯ್ತು’. ಅಪ್ಪ ಬಂತು, ಅಜ್ಜಿ ಹೋಯ್ತು, ಬೆಕ್ಕು ಬಂತು. ಕಡಿಯಾಳಿಯ ನಮ್ಮ ಮನೆಗೆ ಬಂದವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನಾನು ಕಾಪುವಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನನ್ನ ಮಗಳೇ ಹೀಗಾದರೆ ಹೇಗೆ ಎಂಬ ಜಂಬ ನನಗೆ.

ನಮ್ಮದು ತುಳು ಮಾತಾಡುವ ಮನೆ. ಮುಂದೆ ಶಾಲೆಯಲ್ಲಿ ಕಷ್ಟವಾಗಬಾರದೆಂದು, ಮಗುವಿನ ಎದುರು ತುಳು ಬೇಡ ಎಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆಯೇ. ಅತ್ತೆ ಕೆಲವು ದಿನ ಮೊಮ್ಮಗಳೊಂದಿಗೆ ಪುಸ್ತಕದ ಕನ್ನಡದಲ್ಲಿ ತಡವರಿಸಿದರು. ಆಮೇಲೆ ಮಾತನ್ನೇ ಕಡಿಮೆ ಮಾಡಿದರು.

ಮಗು ‘ಅಪ್ಪ ಬಂತು’ ಎನ್ನುತ್ತ ಬಿಸ್ಕತ್ತಿಗೆ ಕೈ ಚಾಚಿದರೆ ನಾನು ಡಬ್ಬವನ್ನು ಮೇಲೆತ್ತಿ ಹಿಡಿಯುತ್ತಿದ್ದೆ.

“‘ಅಪ್ಪ ಬಂದರು, ನನಗೆ ಬಿಸ್ಕತ್ತು ಕೊಡು’ ಹೇಳು. ಸರಿಯಾಗಿ ಹೇಳು, ಆಮೇಲೆ ಕೊಡ್ತೇನೆ.”

“ಎಂತ ಮಾರಾಯ್ತಿ, ಸಣ್ಣ ಮಗು ಅಲ್ವಾ? ಮೊದಲು ಹೊಟ್ಟೆಗೆ ಕೊಡು,” ಎಂದರು ಅತ್ತೆ ಒಮ್ಮೆ.

“ನಿಮಗೆ ಇದೆಲ್ಲ ಗೊತ್ತಾಗುವುದಿಲ್ಲ,” ಎಂದು ಅವರ ಬಾಯಿ ಮುಚ್ಚಿಸಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೂರು ತುಂಬುವಷ್ಟರಲ್ಲಿ ಬಂತೂ ಇಲ್ಲ, ಹೋಯ್ತೂ ಇಲ್ಲ. ಮಗಳು ಮಾತು ನಿಲ್ಲಿಸಿದ್ದಳು. ಹೆದರಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

“ಕಿವಿ ಸರಿ ಉಂಟು. ಹೇಳಿದ್ದೆಲ್ಲ ಅರ್ಥ ಆಗ್ತದೆ,” ಎಂದರು ಡಾಕ್ಟರಮ್ಮ. ‘ಬಂತು’ವಿನ ಕತೆ ಕೇಳಿ ಅವರೂ ನಕ್ಕರು. “ಮಕ್ಕಳು ಶುರುವಿಗೆ ಹಾಗೇ ಹೇಳುವುದು. ಬಂದರು, ಬಂದಳು ಎಲ್ಲ ಕೇಳಿ ಕೇಳಿ ತನ್ನಷ್ಟಕ್ಕೆ ಬರ್ತದೆ. ಮನೆಯಲ್ಲಿ ಇವಳ ಹತ್ತಿರ ಹೆಚ್ಚು ಮಾತಾಡುವುದು ಯಾರು?”

“ನಾನೇ.”

“ಎಂತ ಮಾತಾಡ್ತೀರಿ?”

ಯೋಚಿಸಿದೆ. ತಿದ್ದಿದ್ದು ಬೇಕಾದಷ್ಟು ನೆನಪಾಯಿತು. ಸುಮ್ಮನೆ ಆಡಿದ ಒಂದು ಮಾತೂ ನೆನಪಾಗಲಿಲ್ಲ. ಅತ್ತೆ ಪಕ್ಕದಲ್ಲೇ ಕುಳಿತು ಮೊಮ್ಮಗಳ ತಲೆ ಸವರುತ್ತಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಅದೇ ವಾರ ಮಗಳಿಗೆ ಜ್ವರ ಬಂತು. ಮಧ್ಯಾಹ್ನದ ಹೊತ್ತಿಗೆ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ನೀರಿನ ಲೋಟವನ್ನು ಬಾಯಿಯ ಹತ್ತಿರ ಹಿಡಿದೆ.

“ಕುಡಿ ಮಗಾ. ಎಂತದೂ ಹೇಳುವುದು ಬೇಡ.”

ಅವಳು ಕುಡಿಯಲಿಲ್ಲ, ಲೋಟಕ್ಕೆ ಕೈ ಚಾಚಲೂ ಇಲ್ಲ. ಅಷ್ಟು ಬಾಯಾರಿದ್ದ ಮಗು ನನ್ನ ಬಾಯಿಯನ್ನೇ ನೋಡುತ್ತಿತ್ತು, ನೀರು ಸಿಗಬೇಕಾದರೆ ಏನು ಹೇಳಬೇಕೋ ಅದನ್ನು ನಾನು ಹೇಳಿಕೊಡಲೆಂದು ಕಾಯುತ್ತ.