ಭಾಲ್ಕಿಯ ಚಾವುಸ

ಭಾಲ್ಕಿಯ ಕಾಳುಕಡಿಯ ಅಡತಿ ಅಂಗಡಿ ಕಾಯುತ್ತಿದ್ದ ಮುದುಕ ಅರಬನನ್ನು ಊರೆಲ್ಲ ಚಾವುಸ ಎಂದೇ ಕರೆಯುತ್ತಿತ್ತು. ಅಂಬಲಿ ಕುಡಿದು, ಮುಂಗೈಯಿಂದ ಗಡ್ಡ ಒರೆಸಿಕೊಳ್ಳುತ್ತ ಆತ, ಕಾನೂನು ಓದುತ್ತಿದ್ದ ನನ್ನ ವಾದಗಳನ್ನೆಲ್ಲ ಕೇಳುತ್ತಿದ್ದ. ಕೊನೆಗೆ, “ಹೌದಪ್ಪ, ಮುಂದ?” ಎನ್ನುತ್ತಿದ್ದ. ಅಲ್ಲಿಗೆ ನಾನು ಸೋತಂತೆ.

ಪೊಲೀಸ್ ಆ್ಯಕ್ಷನ್ ಆಗಿ ನಮ್ಮ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಹೊರಗಿನಿಂದ ಬಂದ ಅರಬರನ್ನು ಅವರ ದೇಶಕ್ಕೆ ಕಳಿಸತೊಡಗಿದರು. ಚಾವುಸನಿಗೂ ವಿಚಾರಣೆಗೆ ಕರೆ ಬಂತು.

“ಇಲ್ಲೇ ಹುಟ್ಟೀನಿ ಅನ್ರಿ,” ಎಂದು ನಾನು ದಾರಿಯುದ್ದಕ್ಕೂ ಪಾಠ ಹೇಳಿದೆ. “ಹೌದಪ್ಪ, ಮುಂದ?” ಎಂದ.

ಅಧಿಕಾರಿ ಕೇಳಿದಾಗ ಆತ ಸಮುದ್ರದಾಚೆಯ ತನ್ನ ಊರಿನ ಹೆಸರನ್ನೇ ಹೇಳಿಬಿಟ್ಟ.

ನಮ್ಮ ಜೊತೆ ಬಂದಿದ್ದ ಆತನ ನೆರೆಮನೆಯ ನೀಲಮ್ಮ, ಕುರಿ ಸಾಕುವವಳು, ಮುಂದೆ ಬಂದಳು.

“ಸಾಹೇಬರ, ಇಂವ ಹೋದ್ರ ನಡಿಯಂಗಿಲ್ಲರಿ. ನನಗ ಅಣ್ಣತಮ್ಮರಿಲ್ಲ. ದೊಡ್ಡ ಮಗಳನ್ನ ಸ್ವಾದರಮಾವ ಆಗಿ ಹಂದರಕ್ಕ ಎತ್ಕೊಂಡು ತಂದಂವ ಇವನೇ. ಈಗ ಸಣ್ಣಾಕಿ ಮದುವಿ ಅದ.”

“ಇದು ಯಾವ ಕಾನೂನಿನಾಗೂ ಇಲ್ಲ,” ಎಂದು ನಾನೇ ಗೊಣಗಿದೆ.

ಅಧಿಕಾರಿ ನಕ್ಕರು. “ಮದುವೆ ಮುಗಿದ ಮೇಲೆ ಕಳಿಸಬಹುದಲ್ಲಮ್ಮ?”

“ಆಮ್ಯಾಲ ಬಸರಾದ್ರ ಕುಬಸ ಅದರಿ, ಹಡದ್ರ ತೊಟ್ಟಿಲ ಅದರಿ. ಮಾವ ಬ್ಯಾಡೇನ್ರಿ? ಆ ಕೂಸಿನ ಮದುವಿ ಆಗಲಿ, ನೋಡೋಣು.”

ಅಧಿಕಾರಿ ಚಾವುಸ ಇಲ್ಲಿಯವನೇ ಎಂದು ಬರೆದುಕೊಂಡು ಬಿಟ್ಟು ಕಳಿಸಿದರು.

ಹೊರಬಂದ ಮೇಲೆ, “ವಾದ ಅಂದ್ರ ಹಂಗಲ್ಲ, ನೀಲಮ್ಮಾ,” ಎಂದೆ. ಆಕೆಗೆ ಕೇಳಿಸಲಿಲ್ಲ. ಹಂದರದ ಗಳ ಇನ್ನೂ ಯಾಕೆ ತಂದಿಲ್ಲವೆಂದು ಆಗಲೇ ಚಾವುಸನ ಜೊತೆ ಜಗಳ ತೆಗೆದಿದ್ದಳು.