ದೊಡ್ಡವ್ವನ ಬಾವಿ ಆಮೆ

ಮೊನ್ನೆ ಹನೂರಿನ ಅಂಗಡಿಯೊಂದರಲ್ಲಿ ಕೆಂಪು ಕಾರ್ಬಾಲಿಕ್ ಸೋಪು ಸಿಕ್ಕಿತು. ಈಗೆಲ್ಲ ಲಿಕ್ವಿಡ್ ಹ್ಯಾಂಡ್‌ವಾಶ್ ಕಾಲ; ಲ್ಯಾವೆಂಡರ್ ಅಂತೆ, ಲೆಮನ್ ಅಂತೆ. ಕಾಗದ ಬಿಚ್ಚಿ ಮೂಸಿದೆ. ಆಸ್ಪತ್ರೆಯಂಥ ಆ ಘಾಟು ಮೂಗಿಗೆ ಹೊಡೆದದ್ದೇ ತಡ, ನಿಂತಲ್ಲೇ ಒಬ್ಬಳೇ ನಕ್ಕುಬಿಟ್ಟೆ. ಅದು ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವನ ವಾಸನೆ...

ನನಗೆ ಅವರು ನೆಂಟರಲ್ಲ. ಇಡೀ ಬೀದಿಗೇ ದೊಡ್ಡವ್ವ. ಅವರ ಹಿತ್ತಲ ಬಾವಿಯಲ್ಲಿ ಒಂದು ಆಮೆ ಇತ್ತು. ನೀರು ತಿಳಿಯಾಗಿರಲಿ ಎಂದು ಬಾವಿಗೆ ಆಮೆ ಬಿಡುವುದು ಹಳಬರ ರೂಢಿ. ಮದುವೆಯ ಹೊಸತರಲ್ಲಿ ಅವರ ಅಪ್ಪ ಯಳಂದೂರಿನಿಂದ ಬಿಂದಿಗೆಯಲ್ಲಿ ತಂದು ಬಿಟ್ಟದ್ದಂತೆ. ಅಪ್ಪ ಹೋದರು, ತವರಿನ ಮನೆಯೂ ಮಾರಿಹೋಯಿತು. ತವರಿನದೆಂದು ಉಳಿದದ್ದು ಆ ಆಮೆ ಒಂದೇ.

ನಲ್ಲಿ ಬಂದ ಮೇಲೆ ಬಾವಿ ಮುಚ್ಚಿಸಿದರು. ಆಮೆ ಬಚ್ಚಲಮನೆ ಮೂಲೆಯ ಸಿಮೆಂಟ್ ತೊಟ್ಟಿಗೆ ಬಂತು. ಕೈಗೆ ಸಿಕ್ಕಿದ್ದೇ ಉಪಚಾರ ಶುರು! ಶನಿವಾರ ಬಂತೆಂದರೆ ಚಿಪ್ಪಿಗೆ ಹರಳೆಣ್ಣೆ ತಿಕ್ಕಿ, ಅರಿಶಿನ ಬಳಿದು, ನಡುವೆ ಅಗಲವಾದ ಕುಂಕುಮ. ತೊಟ್ಟಿಗೆ ಒಂದು ಲೋಟ ಹಾಲು. ವಿಷ್ಣುವಿನ ಅವತಾರವಲ್ಲವೇ! ಬೀದಿಯ ಹೆಂಗಸರು ಬಂದು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದೇ ಕೈಯಲ್ಲಿ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ನಾನೋ ಸ್ಕೂಲ್ ಮಿಸ್ಸು, ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹೈಜೀನ್, ಹೈಜೀನ್ ಎಂದು ತಲೆಗೆ ತುಂಬಿ ಕಳಿಸಿದವಳು. ತಡೆಯಲಾಗಲಿಲ್ಲ. ಒಂದು ಕೆಂಪು ಸೋಪು ತಂದು ತೊಟ್ಟಿಯ ಪಕ್ಕ ಇಟ್ಟೆ. "ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳ್ಕೊಳ್ಳಿ ದೊಡ್ಡವ್ವ, ಹೊಟ್ಟೆ ಕೆಡುತ್ತೆ" ಅಂದೆ.

"ಅಯ್ಯೋ ಮಿಸ್ಸಮ್ಮ, ಇದು ಮೂರೊತ್ತೂ ನೀರ್ಲೇ ಇರೋದು ಕಣವ್ವ. ನಿನಗಿಂತ ಸುದ್ದ!"

ಆದರೂ ಮರುದಿನದಿಂದಲೇ ಸೋಪು ಸವೆಯತೊಡಗಿತು. ಕಡೆಗೆ ನನ್ನನ್ನೂ ಮೀರಿಸಿಬಿಟ್ಟರು. ಐ ಮಸ್ಟ್ ಸೇ, ನಮ್ಮ ಹೆಡ್‌ಮಿಸ್ಟ್ರೆಸ್ ಕೂಡ ಅಷ್ಟು ಸ್ಟ್ರಿಕ್ಟ್ ಇರಲಿಲ್ಲ. ಆಮೆ ಮುಟ್ಟಿದವರು ಮೊಣಕೈವರೆಗೆ ತೊಳೆಯದೆ ಅಡುಗೆಮನೆ ಹೊಸಿಲು ದಾಟುವಂತಿರಲಿಲ್ಲ.

ಆದರೆ ಆಮೆ ದಿನೇ ದಿನೇ ಮಂಕಾಯಿತು. ಸೊಪ್ಪು ಹಾಕಿದರೆ ಮೂಸುತ್ತಿರಲಿಲ್ಲ. ಚಿಪ್ಪಿನ ಅಂಚು ಒತ್ತಿದರೆ ಬಗ್ಗುತ್ತಿತ್ತು. ಬಕೆಟ್ಟಿಗೆ ಒದ್ದೆ ಟವೆಲ್ ಹಾಸಿ, ಅದನ್ನು ದನದ ಡಾಕ್ಟರ ಬಳಿ ಒಯ್ದೆವು. ಅವರು ಎರಡು ಬದಿಗೂ ಕೈ ಕೊಟ್ಟು ಮೆಲ್ಲಗೆ ಎತ್ತಿ ನೋಡಿದರು.

"ಬಿಸಿಲೇ ಕಂಡಿಲ್ಲ ಇದು. ಎಣ್ಣೆ, ಅರಿಶಿನ, ಕುಂಕುಮ ಏನೂ ಬಳೀಬೇಡಿ. ಹಾಲಂತೂ ಬೇಡವೇ ಬೇಡ. ಹೀಗೇ ಇಟ್ಟರೆ ಉಳಿಯಲ್ಲ. ಅಲ್ಲದೆ ಇದನ್ನ ಮನೇಲಿ ಸಾಕೋ ಹಾಗೂ ಇಲ್ಲ. ಫಾರೆಸ್ಟಿನವರಿಗೆ ಕೊಡಿ, ವಾಸಿ ಮಾಡಿ ಕೆರೆಗೆ ಬಿಡ್ತಾರೆ."

ಮನೆಗೆ ಬಂದವರೇ ದೊಡ್ಡವ್ವ "ನಮ್ಮಪ್ಪ ಕೊಟ್ಟುದ್ದ ನಾನ್ಯಾಕ್ ಕೊಡ್ಲಿ?" ಎಂದು ಗೊಣಗಿ, ಹಿತ್ತಲ ಬಿಸಿಲಲ್ಲಿ ಆಮೆಯನ್ನಿಟ್ಟುಕೊಂಡು ಪಕ್ಕದಲ್ಲೇ ಕೂತರು. ಸಂಜೆಯವರೆಗೂ ಅದು ತಲೆ ಹೊರಗೆ ಹಾಕಲಿಲ್ಲ. ಕೊನೆಗೆ ನನ್ನನ್ನು ಕೂಗಿದರು. "ಪೋನ್ ಮಾಡವ್ವ. ಯಾವ್ ಕೆರೆಗ್ ಬುಡ್ತಾರಂತೆ, ಕೇಳು."

ಕೇಳಿದೆ. ಯಳಂದೂರಿನ ಕಡೆಯ ಒಂದು ಕೆರೆಗೆ ಎಂದರು. ದೊಡ್ಡವ್ವನ ಮುಖ ಅರಳಿತು.

"ತವರ್ಗೆ ಓಯ್ತದೆ ಅನ್ನು! ನೋಡು, ನನ್ನ ಇಲ್ಲೇ ಬುಟ್ಬುಟ್ಟು ತಾನೊಂದೇ ಒಂಟೋಯ್ತು, ಕಳ್ಳಿ!"

ಖಾಕಿ ತೊಟ್ಟ ಫಾರೆಸ್ಟಿನವನು ಬಂದ ದಿನ ದೊಡ್ಡವ್ವ ರೇಷ್ಮೆ ಸೀರೆ ಉಟ್ಟಿದ್ದರು. ಕೈಯಲ್ಲಿ ಕುಂಕುಮದ ಭರಣಿ. ಬೆರಳದ್ದಿ ಆಮೆಯ ಮೇಲೆ ಬಾಗಿದರು. ಡಿಯರ್ ಮಿ, ಮತ್ತೆ ಬಳಿದೇಬಿಟ್ಟರು ಎಂದು ನಾನು ಕೈ ಚಾಚಿದೆ. ಅಷ್ಟರಲ್ಲಿ ಅವರೇ ನಿಂತರು. ಬೆರಳು ಚಿಪ್ಪಿನ ಮೇಲೆ ಗಾಳಿಯಲ್ಲೇ ಉಳಿಯಿತು... ಆಮೇಲೆ ಮೆಲ್ಲಗೆ ನೆಟ್ಟಗಾಗಿ, ಆ ಕುಂಕುಮವನ್ನು ಖಾಕಿಯವನ ಹಣೆಗೆ ಒತ್ತಿದರು. ತವರಿನಿಂದ ಹೆಣ್ಣುಮಗಳನ್ನು ಕರೆಯಲು ಬಂದ ಅಣ್ಣನಿಗೆ ಇಡುವ ಹಾಗೆ.

"ಉಸಾರಾಗ್ ಕರ್ಕಂಡೋಗಪ್ಪ. ಎರಡ್ ಕಡೆಯಿಂದ್ಲೂ ಇಡ್ಕ, ಕಾಲಲ್ಲಿ ಪರಚ್ತದೆ. ಆಮೇಕೆ ಸೋಪಾಕಿ ಕೈ ತೊಳ್ಕ. ಮೊಣಕೈಗಂಟ!"

ಬೀದಿಯೆಲ್ಲ ನಕ್ಕಿತು. ಜೀಪು ಹೋದ ಮೇಲೆ ದೊಡ್ಡವ್ವ ಬಚ್ಚಲಿಗೆ ಹೋಗಿ ಕೈ ತೊಳೆದರು. ನೊರೆಯೆಲ್ಲ ಹೋದ ಮೇಲೂ ತೊಳೆಯುತ್ತಲೇ ಇದ್ದರು...

ಚಿಪ್ಪು ಗಟ್ಟಿಯಾಯಿತು, ಕೆರೆಗೆ ಬಿಟ್ಟೆವು, ತಿರುಗಿಯೂ ನೋಡದೆ ಮುಳುಗಿತು ಎಂದು ಆಮೇಲೊಂದು ದಿನ ಫಾರೆಸ್ಟಿನವರ ಫೋನ್ ಬಂತು. ಹೇಳಿದರೆ ಬೇಜಾರಾಗಬಹುದೆಂದು ಅಳುಕುತ್ತಲೇ ಹೇಳಿದೆ. ದೊಡ್ಡವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ತವರ್ಗೆ ಓಗೋರು ಯಾರಾದ್ರೂ ತಿರುಗ್ ನೋಡ್ತಾರಾ ಮಿಸ್ಸಮ್ಮ?"

ಈಗ ದೊಡ್ಡವ್ವನೂ ಇಲ್ಲ. ಹನೂರಿನಿಂದ ತಂದ ಸೋಪು ನಮ್ಮ ಸಿಂಕಿನ ಪಕ್ಕದಲ್ಲಿದೆ. ಮೊಮ್ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಯಳಂದೂರಿನ ಕಡೆ ಬಸ್ಸಿನಲ್ಲಿ ಹೋಗುವಾಗ ನಾನು ಕಿಟಕಿ ಪಕ್ಕವೇ ಕೂರುತ್ತೇನೆ. ಕೆರೆಯ ಕಲ್ಲುಗಳ ಮೇಲೆ ಕೆಲವೊಮ್ಮೆ ಆಮೆಗಳು ಬಿಸಿಲು ಕಾಯಿಸುತ್ತಿರುತ್ತವೆ. ಯಾವುದರ ಬೆನ್ನ ಮೇಲೂ ಕುಂಕುಮವಿಲ್ಲ. ಎಲ್ಲವೂ ಒಂದೇ ಥರ ಕಾಣುತ್ತವೆ ನನಗೆ. ಗುರುತು ಹಿಡಿಯಬಲ್ಲವರು ಒಬ್ಬರೇ ಇದ್ದರು...