ನನ್ನ ಎಮ್ಮೆಯನ್ನು ಪಳಗಿಸಿದಾಕೆ

ರಾಯಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹಾಲು ಮಾರುವ ಹೆಂಗಸು ಸೆರಗಿನ ತುದಿಯಲ್ಲಿ ಸದಾ ಒಂದು ಹಿಡಿ ಹತ್ತಿಕಾಳಿನ ಹಿಂಡಿ ಕಟ್ಟಿಕೊಂಡಿರುತ್ತಿದ್ದಳು. "ದನ ದಿನಾ ಕಲಿಯಾಕತ್ತಿರತೈತ್ರಿ" ಎನ್ನುವುದು ಅವಳ ಮಾತು.

ನಾನು ಹಾಲು ಕರೆಯಲು ಕೂತರೆ ನನ್ನ ಎಮ್ಮೆ ಒದೆಯುತ್ತಿತ್ತು. ನಾನು ಬಡಿಗೆಯಿಂದ ಹೊಡೆದು, ಕರೆಯುವುದನ್ನು ಬಿಟ್ಟು ಎದ್ದುಬಿಡುತ್ತಿದ್ದೆ. ಕೊನೆಗೆ ಕಟುಕನಿಗೆ ಮಾರಲು ನಿಶ್ಚಯಿಸಿದೆ. ಹೇಳಲು ಈಗ ನಾಚಿಕೆಯಾಗುತ್ತದೆ.

ಹಾಲು ಮಾರುವವಳು ಒಂದು ದಿನ ಇದನ್ನು ನೋಡಿ ನಕ್ಕಳು. "ಒದ್ದಕೂಡ್ಲೇ ನೀವು ಎದ್ದು ಹೋಗ್ತೀರಿ. ಒದ್ದರ ಕಾಟ ತಪ್ಪತೈತಿ ಅಂತ ಅದು ಕಲಿತೈತಿ. ಕಲಿಸಿದ ಮಾಸ್ತರು ನೀವ ಅಲ್ರಿ, ಕಾಕಾ?"

ಒಂದು ವಾರ ಅವಳೇ ಕರೆಯಲು ಕೂತಳು. ಎಮ್ಮೆ ಕಾಲೆತ್ತಿದರೆ ಕೆಚ್ಚಲಿನಿಂದ ಕೈ ತೆಗೆಯುತ್ತಿರಲಿಲ್ಲ. ಕಾಲೂರಿ ನಿಂತ ಕ್ಷಣವೇ ಕೈ ತೆಗೆದು ಹಿಂಡಿ ತಿನ್ನಿಸುತ್ತಿದ್ದಳು. ಎಂಟನೇ ದಿನ ಅದು ಅಲುಗಾಡದೆ ನಿಂತು ಚರಿಗೆ ತುಂಬ ಹಾಲು ಕೊಟ್ಟಿತು. ನಾನು ಬೆರಗಾಗಿ ಅದರ ಬೆನ್ನು ಸವರಲು ಕೈ ಎತ್ತಿದೆ.

ಎಮ್ಮೆ ಕಣ್ಣು ಮುಚ್ಚಿ ನಡುಗಿತು.

ಈ ಸಲ ಅವಳು ನಗಲಿಲ್ಲ. "ಇದನ್ನೂ ನೀವ ಕಲಿಸೀರಿ. ಇದನ್ನ ಮರಸೂದು ನನ್ನ ಕೈಲೆ ಆಗೂದಿಲ್ರಿ. ನೀವ ಮರಸ್ಬೇಕು."

ಚಳಿಗಾಲವಿಡೀ ದಿನವೂ ಮೆಲ್ಲಗೆ ಕೈ ಎತ್ತಿದೆ, ಹಿಂಡಿ ಕೊಟ್ಟೆ. ಒಂದು ಬೆಳಿಗ್ಗೆ, ಎತ್ತಿದ ನನ್ನ ಕೈಯ ಕೆಳಗೆ ಎಮ್ಮೆ ತಾನಾಗಿಯೇ ಕುತ್ತಿಗೆ ಚಾಚಿತು.